ಪಟ್ಟಿ ಬಿಚ್ಚಿದ ಮೇಲಿನ ಬಡಿತ

ಗದಗ,
ಫೆಬ್ರುವರಿ ೩೧, ೨೧೮೯

ನನ್ನ ಅಜ್ಜಿಯ ಅಜ್ಜಿಯ ಅಜ್ಜಿಯಾದ ಸೌಭಾಗ್ಯ ಅವರಿಗೆ ಮೈಲಾರಿ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮೊದಲು ತಾರೀಖಿನ ಬಗ್ಗೆ ಕ್ಷಮೆ ಕೋರುತ್ತೇನೆ. ನಿಮ್ಮ ಕಾಲದಲ್ಲಿ ಫೆಬ್ರುವರಿಗೆ ಇಪ್ಪತ್ತೆಂಟೇ ದಿನ ಕೊಟ್ಟು ಮಲತಾಯಿ ಧೋರಣೆ ತೋರಿಸುತ್ತಿದ್ದರೆಂದು ಓದಿದ್ದೇನೆ. ನಮ್ಮ ಕಾಲದಲ್ಲಿ ಅದಕ್ಕೆ ನ್ಯಾಯ ಸಿಕ್ಕಿದೆ. ಜುಲೈಯಿಂದ ಎರಡು, ಆಗಸ್ಟಿನಿಂದ ಒಂದು ದಿನ ಕಿತ್ತು ಇದಕ್ಕೆ ಸೇರಿಸಿದ್ದಾರೆ. ನಿಮ್ಮ ತಂದೆಯವರು ಕ್ಯಾಲೆಂಡರ್ ಅಚ್ಚು ಹಾಕುವ ಪ್ರೆಸ್ ಇಟ್ಟಿದ್ದಾರೆಂದು ಮನೆಯ ಕಾಗದಗಳಿಂದ ತಿಳಿದಿದೆ. ದಯವಿಟ್ಟು ಅವರಿಗೆ ಈ ಪತ್ರದ ತಲೆಭಾಗ ತೋರಿಸಬೇಡಿ.

ಎರಡನೆಯದಾಗಿ, ನಿಮಗೀಗ ಇಪ್ಪತ್ತೈದು ವರ್ಷ, ನನಗೆ ಹತ್ತೊಂಬತ್ತು. ಆರು ವರ್ಷ ದೊಡ್ಡವರನ್ನು ಅಜ್ಜಿ ಎಂದು ಕರೆಯಬೇಕಾಗಿ ಬಂದದ್ದಕ್ಕೆ ನನಗೂ ಸಂಕೋಚವಿದೆ. ಆದರೆ ಸಂಬಂಧ ಸಂಬಂಧವೇ. ಮೂರನೆಯದಾಗಿ, ನನ್ನ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕಾಣಬಹುದು. ಬಂದಲ್ಲಿ ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಮೊದಲ ಪದ ಹಿಂದಂಚೆ. ಹಿಂದಿನವರಿಗೆ ಕಾಗದ ಕಳಿಸುವ ವ್ಯವಸ್ಥೆ ಇದು. ನಮ್ಮ ದೊಡ್ಡ ಅಂಚೆಕಚೇರಿಯಲ್ಲಿ ಇದಕ್ಕೊಂದು ಕಿಟಕಿ ಇದೆ. ಒಳಗೆ ಕೂತವರು ಪತ್ರ ತೆಗೆದುಕೊಳ್ಳುತ್ತಾರೆ, ಆದರೆ ರಸೀದಿ ಕೊಡುವುದಿಲ್ಲ. ಮುಟ್ಟಿತೋ ಇಲ್ಲವೋ ಹೇಗೆ ತಿಳಿಯುವುದು ಎಂದು ಕೇಳಿದೆ. "ಮುಟ್ಟಿದ್ರ ನಿನಗ ಗೊತ್ತಾಗ್ತೈತಿ, ಮುಟ್ಟದಿದ್ರ ಗೊತ್ತಾಗಂಗಿಲ್ಲ. ಸರೀ ಮುಂದಕ್ಕ," ಎಂದರು. ನಿಯಮ ಒಂದೇ. ನಡೆದದ್ದು ಗೊತ್ತಿರುವ ವಿಷಯವನ್ನು ಬದಲಿಸಲು ಪತ್ರ ಬರೆಯುವಂತಿಲ್ಲ. ಏನಾಯಿತೆಂದು ಯಾರಿಗೂ ಗೊತ್ತಿಲ್ಲದ ವಿಷಯಕ್ಕೆ ಮಾತ್ರ ಬರೆಯಬಹುದು. ನಿಮ್ಮ ವಿಷಯ ಅಂಥದ್ದು. ಅದು ಕೊನೆಗೆ ಬರುತ್ತದೆ, ತಾಳ್ಮೆ ಇರಲಿ.

ನಮ್ಮ ಊರು ನಿಮಗೆ ಪೂರ್ತಿ ಗುರುತು ಸಿಗದಂತೇನೂ ಆಗಿಲ್ಲ. ಕಪ್ಪತಗುಡ್ಡ ಇದ್ದಲ್ಲೇ ಇದೆ. ಗಾಳಿಗಿರಣಿಗಳು ಮಾತ್ರ ಹೆಚ್ಚಾಗಿ, ಎತ್ತರವಾಗಿ, ಈಗ ಅವಕ್ಕೆ ಗಾಳಿಕಂಬ ಎನ್ನುತ್ತೇವೆ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಮುಚ್ಚುಹೊತ್ತು. ಬಿಸಿಲಿಗೆ ಹೆದರಿ ಊರೇ ಬಾಗಿಲು ಹಾಕಿಕೊಂಡು ಮಲಗುತ್ತದೆ. ಆ ಹೊತ್ತಿನಲ್ಲಿ ನಿದ್ದೆ ಬಾರದ ನನ್ನಂಥವರು ಹಳೆ ಬಸ್‌ಸ್ಟ್ಯಾಂಡಿನ ಕೆಳಗೆ ಕೊರೆದ ನೆಲಮಾಳಿಗೆಯ ಮೈದಾನದಲ್ಲಿ ಲಗೋರಿ ಆಡುತ್ತೇವೆ. ಜೋಳದ ರೊಟ್ಟಿ ಇದೆ, ಗಿರ್ಮಿಟ್ ಇದೆ, ಗಿರ್ಮಿಟ್‌ನಲ್ಲಿ ಈರುಳ್ಳಿ ಕಡಿಮೆ ಹಾಕಿದರೆಂದು ಜಗಳವೂ ಇದೆ. ಹೃದಯದ ಆಸ್ಪತ್ರೆಗೆ ಹೊಲಿಗೆಮನೆ ಎನ್ನುತ್ತೇವೆ. ಹುಟ್ಟುವಾಗಲೇ ಹೃದಯದಲ್ಲಿ ತೂತೋ, ಇಕ್ಕಟ್ಟೋ, ಅಡ್ಡಾದಿಡ್ಡಿ ನಳಿಗೆಯೋ ಇಟ್ಟುಕೊಂಡು ಬಂದ ಮಕ್ಕಳನ್ನು ಅಲ್ಲಿ ಸರಿಪಡಿಸುತ್ತಾರೆ. ಹಾಗೆ ಸರಿಯಾದವರಿಗೆ ತೇಪೆಯವರು ಎಂದು ಹೆಸರು. ಇದು ಬೈಗುಳ ಅಲ್ಲ; ಶಾಲೆಯಲ್ಲಿ ತೇಪೆಯವರಿಗೇ ಬೇರೆ ಕಬಡ್ಡಿ ತಂಡ ಇತ್ತು, ನಾವೇ ಗೆಲ್ಲುತ್ತಿದ್ದೆವು. ನಮ್ಮ ಮನೆತನದಲ್ಲಿ ಮೊದಲ ತೇಪೆ ನೀವು. ಸದ್ಯಕ್ಕೆ ಇಬ್ಬರಿದ್ದೇವೆ. ನಾನೊಬ್ಬ, ಮೇಲಿನ ಎರಡು ಕೋಣೆಗಳ ನಡುವಿನ ತೂತು, ಮೂರನೆಯ ವರ್ಷಕ್ಕೆ ಮುಚ್ಚಿದ್ದು. ಇನ್ನೊಬ್ಬಳು ನನ್ನ ಚಿಗವ್ವ ನೀಲಗಂಗಾ, ಅಂದರೆ ಅವ್ವನ ತಂಗಿ. ಅವಳದು ನಿಮ್ಮದೇ ದೋಷ. ಕೆಳಗಿನ ಕೋಣೆಗಳ ನಡುವೆ ದೊಡ್ಡ ತೂತು, ಶ್ವಾಸಕೋಶಕ್ಕೆ ಹೋಗುವ ದಾರಿ ಇಕ್ಕಟ್ಟು, ಅತ್ತರೆ ತುಟಿ ಉಗುರು ನೀಲಿ. ಆ ನೀಲಿ ನೋಡಿಯೇ ಹೆಸರಿಟ್ಟರೆಂದು ನಾನು ಹೇಳುತ್ತಿದ್ದೆ, ಅವಳು ಲಟ್ಟಣಿಗೆ ಹುಡುಕುತ್ತಿದ್ದಳು.

ಈಗ ಲಯಪಟ್ಟಿ. ತೇಪೆಯವರು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಬೆರಳಗಲದ ಪಟ್ಟಿ ಇದು. ಎದೆಬಡಿತದ ಏರಿಳಿತವನ್ನೆಲ್ಲ ಬರೆದಿಟ್ಟು, ತಪ್ಪುತಾಳ ಕಂಡರೆ ಆ ತುಣುಕನ್ನು ಮಾತ್ರ ಓಣಿಯ ಲಯಗಾರ್ತಿಗೆ ಕಳಿಸುತ್ತದೆ. ಲಯಗಾರ್ತಿ ಎಂದರೆ ಮನೆಮನೆಗೆ ಬಂದು ಬಡಿತ ನೋಡುವ ದಾದಿ. ನಮ್ಮ ಓಣಿಗೆ ಖುತೇಜಾ ಮೌಶಿ. ಪಟ್ಟಿ ಇಪ್ಪತ್ತೊಂದು ವರ್ಷದವರೆಗೆ ಕಡ್ಡಾಯ. ಇಪ್ಪತ್ತೊಂದು ತುಂಬಿದ ದಿನ ಬಿಚ್ಚುವ ಹಬ್ಬ. ಹೋಳಿಗೆ ಮಾಡಿ, ಆರತಿ ಎತ್ತಿ, ಮನೆಯ ಹಿರಿಯರು ಕತ್ತರಿಯಿಂದ ಪಟ್ಟಿ ಕತ್ತರಿಸಿ "ವಾಸಿ ಆತು, ವಾಸಿ ಆತು, ವಾಸಿ ಆತು" ಎಂದು ಮೂರು ಸಲ ಅನ್ನಬೇಕು. ಆಮೇಲೆ ಹೊಲಿಗೆಮನೆಯ ಕಡೆ ತಲೆ ಹಾಕಿದರೆ ಅಪಶಕುನ. ಇಪ್ಪತ್ತೊಂದರ ನಂತರ ದೊಡ್ಡವರ ಪಟ್ಟಿ ಬೇರೆ ಇದೆ, ಹೋಗಿ ಕೇಳಿ ಕಟ್ಟಿಸಿಕೊಳ್ಳಬೇಕು ಎಂಬುದನ್ನು ಖುತೇಜಾ ಮೌಶಿ ಪ್ರತಿ ಹಬ್ಬದಲ್ಲೂ ಹೋಳಿಗೆ ತಿನ್ನುತ್ತಲೇ ಹೇಳುತ್ತಾರೆ. ಎಲ್ಲರೂ ಅವರ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕುತ್ತಾರೆ. ಚಿಗವ್ವನ ಪಟ್ಟಿ ಬಿಚ್ಚಿ ಹದಿನೆಂಟು ವರ್ಷವಾಗಿತ್ತು. ಅವಳು ಗಾಳಿಕಂಬ ಹತ್ತುವವಳು. ನೂರಾಮೂವತ್ತು ಮೀಟರ್ ಮೇಲೆ ಹಗ್ಗಕ್ಕೆ ಜೋತು ರೆಕ್ಕೆ ತಿಕ್ಕಿ, ಬಿರುಕು ಮುಚ್ಚಿ ಬರುತ್ತಾಳೆ. ಅವಳಿಗೆ ಹೃದಯದ ಕಾಯಿಲೆ ಇದೆ ಎನ್ನುವುದು ಆನೆಗೆ ನೆಗಡಿ ಎಂದಂತೆ ಕೇಳಿಸುತ್ತಿತ್ತು.

ಇನ್ನು ನನ್ನ ಚಾರಿತ್ರ್ಯದ ಬಗ್ಗೆ ಎರಡು ಮಾತು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಎರಡು ವರ್ಷದ ಹಿಂದೆ ನನ್ನ ಪಟ್ಟಿಯನ್ನು ಎದುರುಮನೆಯ ಎಮ್ಮೆಗೆ ಕಟ್ಟಿದ್ದೆ. ಹದಿನೈದು ನಿಮಿಷದಲ್ಲಿ ಖುತೇಜಾ ಮೌಶಿಯ ಚೀಟಿ ಬಂತು: "ರೋಗಿ ಶಾಂತವಾಗಿದ್ದಾನೆ. ಮೆಲುಕು ಹಾಕುತ್ತಿದ್ದಾನೆ. ಹಾಲು ಕರೆದಾಗ ತಿಳಿಸಿ." ಕಳೆದ ವರ್ಷ ಕಾಕಾನ ಡೊಳ್ಳಿಗೆ ಕಟ್ಟಿ ಬಾರಿಸಿದಾಗ ಮೂರು ಓಣಿಯ ಲಯಗಾರ್ತಿಯರು ಓಡಿ ಬಂದಿದ್ದರು. ಇನ್ನೊಂದು ಸಲ ಮಾಡಿದರೆ ಪಟ್ಟಿಯನ್ನು ಬಿಚ್ಚಲಾಗದಂತೆ ಬೆಸೆಯುವುದಾಗಿ ಗಂಭೀರ ಎಚ್ಚರಿಕೆ ಸಿಕ್ಕಿತು. ನಾನು ಅಷ್ಟೇ ಗಂಭೀರವಾಗಿ ಸಹಿ ಹಾಕಿದೆ.

ಹೋದ ತಿಂಗಳ ಒಂದು ಭಾನುವಾರ ನಾನು ವಾರ್ಷಿಕ ತಪಾಸಣೆಗಾಗಿ ಎರಡು ತಾಸು ಅಲುಗಾಡದೆ ಮಲಗಿ ವಿಶ್ರಾಂತಿಯ ಬಡಿತ ಕೊಡಬೇಕಿತ್ತು. ಅದೇ ಹೊತ್ತಿಗೆ ಬೆಟಗೇರಿಯವರ ಜೊತೆ ಲಗೋರಿ ಪಂದ್ಯ. ಮುಚ್ಚುಹೊತ್ತು, ಊಟ ಮುಗಿಸಿದ ಚಿಗವ್ವ ಪಡಸಾಲೆಯಲ್ಲಿ ಗೊರಕೆ ಹೊಡೆಯುತ್ತಿದ್ದಳು. ಆಕೆ ಒಮ್ಮೆ ಮಲಗಿದರೆ ಮೇಲೆ ಮಂಚ ಬಿದ್ದರೂ ಏಳುವವಳಲ್ಲ. ತೇಪೆಯ ಹೃದಯವೇ ಬೇಕಿತ್ತು, ತೇಪೆಯ ಹೃದಯವೇ ಮಲಗಿತ್ತು. ಪಟ್ಟಿಯನ್ನು ಮೆಲ್ಲಗೆ ಅವಳ ಕೈಗೆ ಸುತ್ತಿ ಹೋದೆ. ಒಂದರಿಂದ ಮೂರರವರೆಗೆ ಆಡಿ, ಗೆದ್ದು, ಬಂದು ಬಿಚ್ಚಿಕೊಂಡೆ. ಅವಳು ಮಗ್ಗುಲೂ ಬದಲಿಸಿರಲಿಲ್ಲ.

ಭಾನುವಾರ ಲಯಗಾರ್ತಿಯರಿಗೆ ರಜೆ. ಸೋಮವಾರ ಮಧ್ಯಾಹ್ನ ಖುತೇಜಾ ಮೌಶಿ ಕೊಡೆಯನ್ನೂ ಮರೆತು ಬಿಸಿಲಲ್ಲೇ ಬಂದರು. ಅವರ ಮುಖ ನೋಡಿಯೇ ಇದು ತಮಾಷೆಯ ಭೇಟಿಯಲ್ಲ ಎಂದು ತಿಳಿಯಿತು. ಭಾನುವಾರದ ದಾಖಲೆಯಲ್ಲಿ ಮೂರು ಸಲ ಹೃದಯದ ಕೆಳಗಿನ ಕೋಣೆ ತಾನೇ ತಾಳ ಹಿಡಿದು ಓಡಿದೆ ಎಂದರು. ಒಮ್ಮೆ ಒಂಬತ್ತು ಬಡಿತ, ಒಮ್ಮೆ ಹನ್ನೆರಡು, ಕೊನೆಗೆ ಮೂವತ್ತೊಂದು. ತಾನಾಗಿಯೇ ನಿಂತಿದೆ, ನಿಲ್ಲದಿದ್ದರೆ ಮನುಷ್ಯ ಎಚ್ಚರ ತಪ್ಪುತ್ತಾನೆ, ಕೆಲವರು ಏಳುವುದಿಲ್ಲ. ನಾಳೆ ಬೆಳಿಗ್ಗೆ ಹೊಲಿಗೆಮನೆಗೆ ಕರೆದೊಯ್ಯುತ್ತೇನೆ, ಅಲ್ಲಿಯವರೆಗೆ ಮೆಟ್ಟಿಲು ಕೂಡ ಹತ್ತಬಾರದು ಎಂದು ಆಜ್ಞೆಯಾಯಿತು. ಅವ್ವ ದಿಂಬು ತರಲು ಓಡಿದಳು. ನನ್ನನ್ನು ಎರಡು ದಿಂಬಿಗೆ ಒರಗಿಸಿ ಕೂರಿಸಿದರು. "ಭಾನುವಾರ ಒಂದರಿಂದ ಮೂರು ಏನ್ ಮಾಡಾಕತ್ತಿದ್ದಿ?" ಎಂದು ಮೌಶಿ ಕೇಳಿದರು. "ಮಲಗಿದ್ದೆ," ಎಂದೆ. ಪಟ್ಟಿ ಬೆಸೆಯುತ್ತಾರೆಂಬ ಹೆದರಿಕೆ. ಅವರು ಹೋದರು. ಮುಂದಿನ ಒಂದು ತಾಸು ನಾನು ಬೆಲ್ಲ ಹಾಕಿದ ಗಂಜಿ ಕುಡಿಯುತ್ತ ರಾಜೋಪಚಾರ ಅನುಭವಿಸಿದೆ ಎಂಬುದನ್ನು ನಾಚಿಕೆಯಿಂದ ದಾಖಲಿಸುತ್ತೇನೆ. ಮೂವತ್ತೊಂದು ಬಡಿತ ಯಾರದೆಂದು ನನಗೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದರೂ ಅದು ತಲೆಯ ಒಳಗೆ ಇಳಿದಿರಲಿಲ್ಲ.

ಇಳಿದದ್ದು ಚಿಗವ್ವ ಕೆಲಸದಿಂದ ಬಂದು ನನ್ನ ಹಣೆ ಮುಟ್ಟಿ ನೋಡಿದಾಗ. "ಅಂಜಬ್ಯಾಡಲೇ ತಮ್ಮಾ, ನನಗೂ ಸಣ್ಣಾಕಿದ್ದಾಗ ಹೊಲದಾರ. ನೋಡು, ಕಲ್ಲಿದ್ದಂಗ ಅದೀನಿ," ಎಂದಳು. ಆಮೇಲೆ ಅವ್ವನ ಕಡೆ ತಿರುಗಿ, ನಾಳೆ ಐದಕ್ಕೇ ಹೊರಡುತ್ತೇನೆ, ಹದಿನೇಳನೇ ಕಂಬದ ರೆಕ್ಕೆ ಕೆಲಸ, ಮುಗಿಸಿ ನೇರ ಹೊಲಿಗೆಮನೆಗೆ ಬರುತ್ತೇನೆ ಎಂದಳು. ನಾನು ಗಂಜಿಯ ಬಟ್ಟಲು ಕೆಳಗಿಟ್ಟೆ.

ನಾನು ಆಗಲೇ ಎಲ್ಲ ಒಪ್ಪಿಕೊಂಡೆ. ಪಂದ್ಯ, ಪಟ್ಟಿ, ಗೊರಕೆ, ಎಲ್ಲ. ಕೈಮುಗಿದು, ಅಳುತ್ತ ಹೇಳಿದೆ. ಯಾರೂ ನಂಬಲಿಲ್ಲ. ಆಸ್ಪತ್ರೆ ತಪ್ಪಿಸಿಕೊಳ್ಳಲು ಹೂಡಿದ ಹೊಸ ಆಟ ಎಂದರು. ಅವ್ವ, "ಸಾಯೂ ಮುಂದಾದರೂ ಖರೇ ಮಾತಾಡೋ ನಮ್ಮಪ್ಪಾ," ಎಂದು ನನಗಿಂತ ಜೋರಾಗಿ ಅತ್ತಳು. ಚಿಗವ್ವ ಮಾತ್ರ ಅಳಲಿಲ್ಲ, ಸಿಟ್ಟಾದಳು. "ನಿನ್ನ ಪಟ್ಟಿ, ನಿನ್ನ ಬಡಿತ. ನನಗ್ಯಾಕ ಹಚ್ಚತೀಲೇ? ಹದಿನೆಂಟು ವರ್ಷ ಆತು ನಾ ವಾಸಿ ಆಗಿ." ಖುತೇಜಾ ಮೌಶಿಗೆ ಹೇಳಿಕಳಿಸಿದೆ. ಮೂರು ಪದದ ಉತ್ತರ ಬಂತು: "ಎಮ್ಮಿ ನೆನಪೈತಿ, ಮೈಲಾರಿ."

ಸುಳ್ಳು ಹೇಳಿ ನಂಬಿಸುವ ಕಲೆಯಲ್ಲಿ ನನಗೆ ಹತ್ತು ವರ್ಷದ ಅನುಭವವಿತ್ತು. ನಿಜ ಹೇಳಿ ನಂಬಿಸುವುದು ಹೇಗೆಂದು ಯಾರೂ ಕಲಿಸಿರಲಿಲ್ಲ. ಕೊನೆಗೆ ಮೌಶಿಗೆ ಇನ್ನೊಂದು ಸಂದೇಶ ಕಳಿಸಿದೆ: ಪಟ್ಟಿ ಕಳಿಸಿದ ತುಣುಕು ಬಿಡಿ, ಎರಡು ತಾಸಿನ ಪೂರ್ತಿ ದಾಖಲೆ ತೆರೆದು ನೋಡಿ. ಅದರಲ್ಲಿ ಗೊರಕೆಯ ನಡುಕವೂ ಇರುತ್ತದೆ. ನಾನು ಹುಟ್ಟಿದಾಗಿನಿಂದ ಹತ್ತು ನಿಮಿಷಕ್ಕಿಂತ ಹೆಚ್ಚು ಹಗಲು ನಿದ್ದೆ ಮಾಡಿದ ಒಂದೇ ಒಂದು ದಾಖಲೆ ನಿಮ್ಮಲ್ಲಿದ್ದರೆ ನನ್ನ ಪಟ್ಟಿ ಬೆಸೆಯಿರಿ. ಇದಕ್ಕೆ ಉತ್ತರ ಬರಲಿಲ್ಲ. ಉತ್ತರಕ್ಕೆ ಕಾಯುತ್ತ ಕೂರುವಷ್ಟು ಭರವಸೆ ನನಗೂ ಇರಲಿಲ್ಲ. ಎಲ್ಲರೂ ಊಟಕ್ಕೆ ಕೂತಾಗ ಚಿಗವ್ವನ ಎಡಗಾಲಿನ ಬೂಟು ತೆಗೆದುಕೊಂಡು ಹೋಗಿ ಜೋಳದ ಡಬ್ಬಿಯ ತಳದಲ್ಲಿ ಹೂತೆ. ಕಂಬ ಹತ್ತುವ ಬೂಟಿನ ಅಂಗಾಲಿನಲ್ಲಿ ಉಕ್ಕು ಕಚ್ಚುವ ಅಯಸ್ಕಾಂತವಿರುತ್ತದೆ. ಎರಡೂ ಕಾಲಿಗೆ ಬೂಟಿಲ್ಲದೆ ಕಂಬದ ಬಾಗಿಲೇ ತೆರೆಯುವುದಿಲ್ಲ. ಎರಡನ್ನೂ ಬಚ್ಚಿಟ್ಟರೆ ಕಳ್ಳರು ಎಂದುಕೊಂಡಾಳು, ಒಂದನ್ನೇ ಬಚ್ಚಿಟ್ಟರೆ ನಾನೇ ಎಂದು ಗೊತ್ತಾಗಿ ನನ್ನನ್ನು ಹೊಡೆಯಲು ಮನೆಯಲ್ಲೇ ಉಳಿಯುತ್ತಾಳೆ. ಇದು ನನ್ನ ಲೆಕ್ಕಾಚಾರ.

ಮಂಗಳವಾರ ಬೆಳಿಗ್ಗೆ ಅದು ಅಕ್ಷರಶಃ ಫಲಿಸಿತು. ಬಲಗಾಲಿಗೆ ಬೂಟು, ಎಡಗಾಲಿಗೆ ಏನೂ ಇಲ್ಲದೆ ಚಿಗವ್ವ ಮನೆಯೆಲ್ಲ ಕುಂಟುತ್ತ ಹುಡುಕಿದಳು. "ಎಲ್ಲಿಟ್ಟಿ? ಹೇಳಾಕ ಬಾಯಿ ಇಲ್ಲೇನು? ರೋಗಿ ಅಂತ ಬಿಟ್ಟೀನಿ, ಇಲ್ಲಾಂದ್ರ ಇಷ್ಟೊತ್ತಿಗೆ..." ಅಷ್ಟರಲ್ಲಿ ಖುತೇಜಾ ಮೌಶಿ ಚೀಲ ಹಿಡಿದು ಒಳಗೆ ಬಂದರು. ಅವರು ನನ್ನ ಹಾಸಿಗೆಯ ಕಡೆ ತಿರುಗಲೇ ಇಲ್ಲ. ನೇರ ಚಿಗವ್ವನ ಮುಂದೆ ಹೋಗಿ ನಿಂತು, "ನೀಲಾ, ಸ್ವಲ್ಪ ಕೈ ಕೊಡು," ಎಂದರು.

ಚಿಗವ್ವ ನಕ್ಕಳು. "ನೀನೂ ಇವನ ಮಾತ ಕೇಳ್ದೇನು? ಬಾ, ಕಟ್ಟು. ಇವನ ಸುಳ್ಳು ಒಮ್ಮೆ ಊರಿಗೆಲ್ಲಾ ಗೊತ್ತಾಗ್ಲಿ ಅಂತ ಅಷ್ಟ ಕೈ ಕೊಡಾಕತ್ತೀನಿ." ನಾನು ಸುಳ್ಳುಗಾರನೆಂದು ಸಾಬೀತು ಮಾಡುವ ಉತ್ಸಾಹವೊಂದೇ ಹದಿನೆಂಟು ವರ್ಷಗಳ ಮೇಲೆ ಅವಳ ಕೈಯನ್ನು ಮುಂದೆ ತಂದದ್ದು. ಒಳ್ಳೆಯ ಹುಡುಗನಾಗಿದ್ದರೆ ಏನಾಗುತ್ತಿತ್ತೋ ಎಂದು ಆಗಾಗ ಯೋಚಿಸುತ್ತೇನೆ.

ಮೌಶಿ ಪಟ್ಟಿ ಕಟ್ಟಿ, ಚಿಗವ್ವನ ಗೆರೆಯನ್ನೂ ನನ್ನ ಹಳೆಯ ಗೆರೆಯನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ಓಡುವ ಬಡಿತ ಆಗ ಇರಲಿಲ್ಲ. ಸಾಧಾರಣ ಬಡಿತವೇ ಇತ್ತು. ಆದರೆ ಸಾಧಾರಣ ಬಡಿತಕ್ಕೂ ಒಬ್ಬೊಬ್ಬರದು ಒಂದೊಂದು ಆಕಾರ, ಸಹಿಯ ಹಾಗೆ. ನನ್ನದು ಸೂಜಿಯಂತೆ ಕಿರಿದು. ಚಿಗವ್ವನದು ಅಗಲ, ತುದಿಯಲ್ಲಿ ಸೀಳು. ಕೆಳಗಿನ ಕೋಣೆಯಲ್ಲಿ ಹೊಲಿಗೆ ಬಿದ್ದವರದು ಬಹಳಷ್ಟು ಸಲ ಹಾಗಿರುತ್ತದಂತೆ. ಭಾನುವಾರದ ಎರಡು ತಾಸಿನ ತುಂಬ ಇದ್ದದ್ದು ಆ ಅಗಲದ ಸಹಿ. ಮೌಶಿ ಒಂದೇ ಪ್ರಶ್ನೆ ಕೇಳಿದರು. "ತಲಿ ಗಿಮ್ ಅಂದದ್ದೈತೇನು, ನೀಲಾ?"

ಚಿಗವ್ವ ಬಲಗಾಲಿನ ಬೂಟಿನ ದಾರ ಬಿಚ್ಚಲು ಶುರುಮಾಡಿದಳು. ಪೂರ್ತಿ ಬಿಚ್ಚಿ ಬೂಟನ್ನು ಪಕ್ಕಕ್ಕಿಟ್ಟ ಮೇಲೆ ಹೇಳಿದಳು. "ಎರಡ್ ಸಲ. ಕಂಬದ ಮ್ಯಾಲೆ. ಹೊಟ್ಟಿ ಖಾಲಿ ಇತ್ತು ಅಂದ್ಕೊಂಡೆ. ಹಗ್ಗ ಹಿಡಕೊಂಡು ಕಣ್ಣು ಮುಚ್ಚಿ ನಿಂತೆ, ಹೋತು."

ಹುಬ್ಬಳ್ಳಿಯ ಹೊಲಿಗೆಮನೆಯಲ್ಲಿ ಅವಳನ್ನು ಹನ್ನೊಂದು ದಿನ ಇಟ್ಟುಕೊಂಡರು. ಅಲ್ಲಿಯ ವೈದ್ಯರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ನಮ್ಮ ಕಾಲದ ತೇಪೆ ಮಗುವಿನ ಜೊತೆ ಬೆಳೆದು ಮಾಂಸದಲ್ಲಿ ಕರಗಿಹೋಗುತ್ತದೆ, ಅದಕ್ಕೇ ಜನ ಎಲ್ಲ ಮುಗಿಯಿತು ಎಂದುಕೊಳ್ಳುತ್ತಾರೆ. ಆದರೆ ತೇಪೆ ಕರಗಿದರೂ ಹೊಲಿದ ಗೆರೆ ಉಳಿಯುತ್ತದೆ. ಹೃದಯದೊಳಗೆ ಬಡಿತ ಹೊರಡಿಸುವ ಸಣ್ಣ ವಿದ್ಯುತ್ತು ಆ ಗೆರೆ ದಾಟಲಾರದು, ಅದನ್ನು ಸುತ್ತಿಕೊಂಡು ಹೋಗುತ್ತದೆ. ಕೆಲವೊಮ್ಮೆ, ಎಷ್ಟೋ ವರ್ಷದ ಮೇಲೆ, ಅಲ್ಲೇ ಗಿರಕಿ ಹೊಡೆಯಲು ಶುರುಮಾಡುತ್ತದೆ. ಅದೇ ಆ ಮೂವತ್ತೊಂದು ಬಡಿತ. ಸೋರುವ ಕವಾಟದಿಂದ ಬಲಗಡೆಯ ಕೋಣೆ ಹಿಗ್ಗಿದ್ದರೆ ಗಿರಕಿಗೆ ಇನ್ನಷ್ಟು ಅನುಕೂಲ. ಎಲ್ಲರಿಗೂ ಹಾಗಾಗುವುದಿಲ್ಲ, ಹೆಚ್ಚಿನವರು ಚೆನ್ನಾಗಿಯೇ ಇರುತ್ತಾರೆ; ಯಾರಿಗೆ ಆಗುತ್ತದೆಂದು ನೋಡದೆ ತಿಳಿಯುವುದಿಲ್ಲ. ಚಿಗವ್ವನಿಗೆ ಗಿರಕಿಯ ದಾರಿಯನ್ನು ಹುಡುಕಿ ಸುಟ್ಟರು, ಹೊಸ ಕವಾಟ ಕೂರಿಸಿದರು, ದೊಡ್ಡವರ ಪಟ್ಟಿ ಕಟ್ಟಿದರು. ಕಂಬ ಹತ್ತಲು ಅಪ್ಪಣೆ ಸಿಗುವುದೋ ಇಲ್ಲವೋ ಆರು ತಿಂಗಳ ಮೇಲೆ ಹೇಳುತ್ತಾರಂತೆ. ಈಗ ಕೆಳಗೆ ನಿಂತು ಹತ್ತುವವರಿಗೆ ಕೂಗಿ ಹೇಳುವ ಕೆಲಸ. ಮೇಲಿನವರು, ಇದಕ್ಕಿಂತ ಅವಳು ಹತ್ತುವುದೇ ವಾಸಿ ಎನ್ನುತ್ತಾರೆ. ನನಗೆ ಥ್ಯಾಂಕ್ಸ್ ಹೇಳಿಲ್ಲ. ಆಸ್ಪತ್ರೆಯಲ್ಲಿ ಎಚ್ಚರವಾದ ಕೂಡಲೇ ಕೇಳಿದ್ದು, "ಬೂಟು ಎಲ್ಲೈತಿ?" ನನ್ನ ಪಟ್ಟಿ ಬೆಸೆಯಲಾಗಿದೆ.

ಮನೆಗೆ ಬಂದ ಮೇಲೆ, ಹಾಸಿಗೆಯಲ್ಲಿ ಹೊತ್ತು ಹೋಗದೆ, ಅವಳು ಹಳೆಯ ಟ್ರಂಕಿನಿಂದ ನಿಮ್ಮ ಫೈಲು ತರಿಸಿದಳು. ಕ್ಷಮಿಸಿ, ನಿಮ್ಮನ್ನು ಕೇಳದೆ ಓದಿದೆವು. ಐದನೇ ವರ್ಷಕ್ಕೆ, ೨೦೦೬ರಲ್ಲಿ, ಬೆಂಗಳೂರಿನಲ್ಲಿ ಆಪರೇಷನ್. ಆಮೇಲೆ ವರ್ಷಕ್ಕೊಂದು ಇಸಿಜಿ. ನಿಮ್ಮ ತಂದೆಯವರು ಪ್ರತಿಯೊಂದಕ್ಕೂ ಝೆರಾಕ್ಸ್ ಮಾಡಿಸಿ, ತಾರೀಖು ಬರೆದು ಲಗತ್ತಿಸಿದ್ದಾರೆ. ಮೂಲ ಇಸಿಜಿಗಳ ಗೆರೆಗಳೆಲ್ಲ ಬಿಳಿಚಿಕೊಂಡು ಹೋಗಿವೆ, ಝೆರಾಕ್ಸ್‌ಗಳು ಮಾತ್ರ ಇವತ್ತಿಗೂ ಕಪ್ಪಗಿವೆ. ಅಚ್ಚಿನವರ ಬುದ್ಧಿ ದೊಡ್ಡದು. ಕೊನೆಯ ಚೀಟಿ ಮೇ ೨೦೧೯ರದು, ನಿಮಗೆ ಹದಿನೆಂಟು. "ಮಕ್ಕಳ ವಿಭಾಗದಲ್ಲಿ ಇದು ಕೊನೆಯ ಭೇಟಿ. ಇನ್ನು ಮುಂದೆ ದೊಡ್ಡವರ ಹೃದಯ ವಿಭಾಗದಲ್ಲಿ ವರ್ಷಕ್ಕೊಮ್ಮೆ ತಪ್ಪದೆ ತೋರಿಸಬೇಕು." ಮೊದಲ ವಾಕ್ಯದ ಕೆಳಗೆ ಯಾರೋ ಪೆನ್ನಿನಿಂದ ಗೆರೆ ಎಳೆದಿದ್ದಾರೆ. ಎರಡನೆಯ ವಾಕ್ಯದ ಮೇಲೆ ಹೋಳಿಗೆಯ ತುಪ್ಪದ ಕಲೆ ಇದೆ. ಚೀಟಿಯ ಹಿಂದೆ ದೊಡ್ಡ ಅಕ್ಷರದಲ್ಲಿ, "ವಾಸಿ ಆತು, ವಾಸಿ ಆತು, ವಾಸಿ ಆತು." ನಾವು ನೂರಾಎಪ್ಪತ್ತು ವರ್ಷದಿಂದ ಆಚರಿಸುತ್ತಿರುವ ಹಬ್ಬ ಎಲ್ಲಿ ಹುಟ್ಟಿತೆಂದು ಆಗ ತಿಳಿಯಿತು. ಇದು ಬೈಗುಳ ಅಲ್ಲ. ಹದಿಮೂರು ವರ್ಷ ಮಗಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಾಡಿದ ಮನೆಯವರು ಅರ್ಧ ಮಾತು ಕೇಳಿಯೇ ಹೋಳಿಗೆಗೆ ಕಡಲೆಬೇಳೆ ಇಟ್ಟಿದ್ದರೆ ನಾನಂತೂ ತಪ್ಪು ಹೇಳಲಾರೆ.

ಅದರ ನಂತರ ಫೈಲಿನಲ್ಲಿ ಒಂದೇ ಕಾಗದವಿದೆ. ಗುಲಾಬಿ ಬಣ್ಣದ ಸಣ್ಣ ಚೌಕಳಿ, ಇಸಿಜಿಯ ಹಾಳೆಯಂಥದ್ದು. ತಾರೀಖಿಲ್ಲ, ಝೆರಾಕ್ಸ್ ಇಲ್ಲ, ಬಡಿತದ ಒಂದು ಗೆರೆಯೂ ಇಲ್ಲ. ನಿಮಗೆ ೨೦೩೦ರಲ್ಲಿ ಮಗಳು ಹುಟ್ಟಿದಳೆಂದು ನಮಗೆ ಗೊತ್ತು, ಇಲ್ಲದಿದ್ದರೆ ಈ ಪತ್ರ ಬರೆಯಲು ಯಾರೂ ಇರುತ್ತಿರಲಿಲ್ಲ. ಆಮೇಲಿನ ನಿಮ್ಮ ಒಂದು ಫೋಟೋವೂ ನಮ್ಮಲ್ಲಿಲ್ಲ. ಆ ಗುಲಾಬಿ ಹಾಳೆಯನ್ನು ಚಿಗವ್ವ ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದಳು. "ಆಕಿ ಹೋಗ್ಯಾಳ. ಒಬ್ಬಾಕೀನ ಹೋಗಿ ತೋರಿಸ್ಕೊಂಡು ಬಂದಾಳ. ಗೆರಿ ಮಾಸ್ಯಾವ, ಅಷ್ಟ," ಎಂದಳು. ಅದು ಯಾರೋ ಸುಮ್ಮನೆ ಸಿಕ್ಕಿಸಿದ ಖಾಲಿ ಹಾಳೆ ಇರಬಹುದು ಎಂದೆ. ಅವಳು ನನ್ನ ತಲೆಗೆ ಮೊಟಕಿದಳು, ಆದರೆ ಮೆಲ್ಲಗೆ. ಹಿಂದಂಚೆಯ ಕಿಟಕಿಯಲ್ಲಿ ನಿಮ್ಮ ವಿಷಯ ಒಪ್ಪಿಕೊಂಡದ್ದು ಈ ಹಾಳೆ ತೋರಿಸಿದ ಮೇಲೆಯೇ. ಒಳಗೆ ಕೂತವರು ಅದನ್ನು ನೋಡಿ, ತಿರುಗಿಸಿ ನೋಡಿ, "ಹೌದು, ಇದು ಯಾರಿಗೂ ಗೊತ್ತಿಲ್ಲದ ವಿಷಯ," ಎಂದು ಮೊಹರು ಒತ್ತಿದರು.

ಆದ್ದರಿಂದ ಸೌಭಾಗ್ಯಜ್ಜಿ, ಕೇಳಿಕೊಳ್ಳುವುದು ಇಷ್ಟೇ. ನೀವು ಚೆನ್ನಾಗಿದ್ದೀರಿ, ಮೆಟ್ಟಿಲು ಹತ್ತುತ್ತೀರಿ, ಕೆಲಸ ಮಾಡುತ್ತೀರಿ, ಗೊತ್ತು. ಚಿಗವ್ವನೂ ಹತ್ತುತ್ತಿದ್ದಳು. ಈ ವಾರ ಹೋಗಿ ತೋರಿಸಿಕೊಳ್ಳಿ. ತಲೆ ಗಿಮ್ ಎಂದದ್ದಿದ್ದರೆ ಹೊಟ್ಟೆ ಖಾಲಿ ಇತ್ತು ಎನ್ನದೆ ಹೇಳಿ. ನನ್ನ ಮಾತು ನಂಬಿಕೆಗೆ ಅರ್ಹವಲ್ಲ ಎನಿಸಿದರೆ, ನಾನು ಸುಳ್ಳುಗಾರ ಎಂದು ತೋರಿಸುವುದಕ್ಕಾದರೂ ಹೋಗಿ. ನಮ್ಮ ಮನೆಯಲ್ಲಿ ಅದು ಕೆಲಸ ಮಾಡಿದ ಉಪಾಯ.

ಬಂದ ಮೇಲೆ ಆ ಇಸಿಜಿಯನ್ನು ಝೆರಾಕ್ಸ್ ಮಾಡಿಸಿ, ತಾರೀಖು ಹಾಕಿ, ಗುಲಾಬಿ ಹಾಳೆಯ ಹಿಂದೆ ಇಡಿ. ನಾಳೆ ಬೆಳಿಗ್ಗೆ ಚಿಗವ್ವ ಟ್ರಂಕು ತೆರೆಯುತ್ತಾಳೆ. ಎಡಗಾಲಿನ ಬೂಟು ಎಲ್ಲಿದೆ ಎಂದು ಅವಳಿಗೆ ಇನ್ನೂ ಹೇಳಿಲ್ಲ. ನಿಮ್ಮ ಝೆರಾಕ್ಸ್ ಸಿಕ್ಕರೆ ಹೇಳುತ್ತೇನೆ.

ಇಂತು ನಿಮ್ಮ ಆಜ್ಞಾಧಾರಕ, ಬೆಸೆದ ಪಟ್ಟಿಯ,
ಮೈಲಾರಿ